ಬೆರಳಿಟ್ಟು ತೋರಿಸು

ಬುಧವಾರ, ಮಧ್ಯಾಹ್ನ

ನನ್ನ ಅವಸರದಮ್ಮನಿಗೆ,

ನಿನ್ನ ಅತ್ತೆಯ ಆಶೀರ್ವಾದಗಳು, ಜೊತೆಗೆ ಎಂದಿನಂತೆ ಒಂದಿಷ್ಟು ಬೈಗುಳ.

ನೀನು ಕಳಿಸಿದ ಇಂಗ್ಲಿಷ್ ಪ್ಯಾಸೇಜುಗಳ ಉತ್ತರ ಸೋಮವಾರವೇ ಕೈಸೇರಿತು. ತಿದ್ದಿ ಇದರೊಳಗೆ ಇಟ್ಟಿದ್ದೇನೆ. ಕೆಂಪು ಶಾಯಿ ನೋಡಿ ಗಾಬರಿಯಾಗಬೇಡ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ಕಲಿಸಿ ನನ್ನ ಕೈಗೆ ಕೆಂಪು ಬಿಟ್ಟರೆ ಬೇರೆ ಬಣ್ಣ ಹಿಡಿಸುವುದಿಲ್ಲ, ನಿನಗೆ ಗೊತ್ತೇ ಇದೆ. ಫೋನು ಮಾಡಿ ಹೇಳಬಹುದಿತ್ತು. ಆದರೆ ನಿಮ್ಮ ಹಾಸ್ಟೆಲಿನ ಫೋನು ವಾರ್ಡನ್ ಮೇಜಿನ ಮೇಲಿದೆ, ನಾವು ಆಡಿದ್ದೆಲ್ಲ ಆಕೆಯ ಕಿವಿಗೂ ಬೀಳುತ್ತದೆ. ಅಲ್ಲದೆ ನೆಗಡಿಯಾಗಿ ನನ್ನ ಗಂಟಲು ಕಟ್ಟಿಕೊಂಡಿದೆ. ಈಗ ನಾನು ಮಾತಾಡಿದರೆ ಕಾಗೆಗಳು ತಮ್ಮವಳೇ ಎಂದುಕೊಂಡು ಬಂದು ಕೂರುತ್ತವೆ. ಹಾಗಾಗಿ ಪತ್ರವೇ ವಾಸಿ. ಕೆಳಗಿನ ಮನೆಯ ಕಂಡಕ್ಟರ್ ನಾಳೆ ಬೆಳಿಗ್ಗೆ, ನೀನು ಪರೀಕ್ಷೆಗೆ ಓದಲೆಂದು ಹೋಗಿರುವ ಊರಿನ ಬಸ್ಸಿಗೇ ಹೋಗುತ್ತಾನೆ. ನಿನ್ನ ಕೈಗೇ ಕೊಡಬೇಕು, ಬೇರೆ ಯಾರ ಕೈಗೂ ಅಲ್ಲ ಎಂದು ಅವನಿಗೆ ಹೇಳಿದ್ದೇನೆ.

ಮೊದಲು ಪಾಠ. ಮಂಜುಗಡ್ಡೆ ಹೇಗೆ ಜಾರುತ್ತದೆ ಎಂಬ ಪ್ಯಾಸೇಜಿನಲ್ಲಿ ನಿನ್ನದು ಎಲ್ಲವೂ ಸರಿ. ಅದು ಎಷ್ಟು ಕಷ್ಟದ್ದು, ನಾನೇ ಎರಡು ಸಲ ಓದಬೇಕಾಯಿತು. ನೀನು ಹೇಗೆ ಗೆದ್ದೆ ಗೊತ್ತಾ? ಅದರಲ್ಲಿ ಅಯ್ಯೋ ಪಾಪ ಎನ್ನಲು ಒಬ್ಬ ಮನುಷ್ಯನೂ ಇಲ್ಲ. ಮನುಷ್ಯರು ಬಂದರೋ, ನಿನ್ನ ಬುದ್ಧಿ ಕೆಟ್ಟಿತು. ತೋಟದವನ ಪ್ಯಾಸೇಜು ತೆಗೆದು ನೋಡು. ಪಕ್ಕದ ಮನೆಯ ಮುದುಕಿ ಊರಲ್ಲಿಲ್ಲದ ಹೊತ್ತಿನಲ್ಲಿ ಅವನು ಅವಳ ಮರದ ಕೊಂಬೆಗಳನ್ನು ಕಡಿದುಹಾಕುತ್ತಾನೆ. ಯಾಕೆ ಎಂಬುದು ಪ್ರಶ್ನೆ. ಮುದುಕಿಗೆ ಸಹಾಯ ಮಾಡಲು ಎಂಬುದಕ್ಕೆ ನೀನು ಗುರುತು ಹಾಕಿದ್ದೀಯ. ಎಲ್ಲಿದೆ ಸಹಾಯ? ಬೆರಳಿಟ್ಟು ತೋರಿಸು. ಆ ಮರದ ನೆರಳಿನಿಂದ ತನ್ನ ಗುಲಾಬಿ ಸೊರಗುತ್ತಿದೆ ಎಂದು ಮೊದಲನೇ ಪ್ಯಾರಾದಲ್ಲೇ ಗೊಣಗುತ್ತಾನಲ್ಲ ಮಹಾರಾಯ. ಆ ಸಾಲನ್ನು ನೀನು ಓದಿದ್ದೀಯ, ಅಡಿಗೆರೆಯನ್ನೂ ಎಳೆದಿದ್ದೀಯ. ಎಳೆದ ಮೇಲೆ ಕನಿಕರ ಬಂದು ಕೈಬಿಟ್ಟಿದ್ದೀಯ.

ಹಡಗಿನ ಕ್ಯಾಪ್ಟನ್ನನದೂ ಅದೇ ಕಥೆ. ಬಿರುಗಾಳಿ ಬರುವ ಮುಂಚೆ ಅವನು ಹಡಗಿನ ಆಳುಗಳನ್ನು ಕರೆಕರೆದು ಹೊಗಳುತ್ತಾನೆ. ಅವರ ಮೇಲೆ ಅವನಿಗೆ ಹೆಮ್ಮೆ ಎಂದು ಬರೆದಿದ್ದೀಯ. ಹೆಮ್ಮೆಯಂತೆ ಹೆಮ್ಮೆ! ಹಿಂದಿನ ಬಂದರಿನಲ್ಲಿ ಅರ್ಧ ಜನ ಇಳಿದು ಓಡಿಹೋಗಿದ್ದರು ಎಂದು ಮೇಲೆಯೇ ಇದೆ. ಉಳಿದವರೂ ಓಡಿಹೋದಾರು ಎಂಬ ಭಯಕ್ಕೆ ಅವನು ಬೆಣ್ಣೆ ಹಚ್ಚುತ್ತಿದ್ದಾನೆ.

ನಿನ್ನ ರೋಗ ಇಷ್ಟೇ ಕಣೆ. ನಾಲ್ಕು ಉತ್ತರ ಮುಂದಿಟ್ಟರೆ ನೀನು ಸರಿಯಾದದ್ದನ್ನು ಆರಿಸುವುದಿಲ್ಲ, ಒಳ್ಳೆಯದನ್ನು ಆರಿಸುತ್ತೀಯ. ಹಿಂದಿನ ಎರಡು ಸಲವೂ ಪರೀಕ್ಷೆ ನಿನ್ನ ಕೈತಪ್ಪಿದ್ದು ಇಂಗ್ಲಿಷ್ ಬಾರದೆ ಅಲ್ಲ. ಪ್ಯಾಸೇಜಿನೊಳಗಿನ ಕಳ್ಳರನ್ನೆಲ್ಲ ಬಿಡಿಸಿಕೊಂಡು ಬರಲು ವಕಾಲತ್ತಿಗೆ ನಿಂತು ಸೋತೆ.

ನೀನು ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದ ಬೆಳಗುಗಳು ನನಗೆ ದಿನಾ ನೆನಪಾಗುತ್ತವೆ. ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು, ಮೈಯಿಂದ ಸ್ಪಿರಿಟ್ಟಿನ ವಾಸನೆ ಇನ್ನೂ ಹೋಗಿರದೆ, ಮೊಣಕಾಲ ಮೇಲೆ ಪುಸ್ತಕ ಹರಡಿಕೊಂಡು ಓದುತ್ತಿದ್ದೆ. ಮೊದಲ ಓದಿಗೆ ಪೆನ್ಸಿಲ್ ಮುಟ್ಟುವಂತಿಲ್ಲ, ಎರಡನೆಯದಕ್ಕೆ ಯಾರು ಏನು ಮಾಡಿದರು ಎಂಬುದಕ್ಕಷ್ಟೇ ಗೆರೆ. ಮೂರನೆಯದಕ್ಕೆ ಒಂದೊಂದು ಉತ್ತರಕ್ಕೂ ಪ್ಯಾಸೇಜಿನೊಳಗೆ ಬೆರಳಿಡಲು ಜಾಗ ಹುಡುಕಬೇಕು, ಜಾಗ ಸಿಗದಿದ್ದರೆ ಅದು ಉತ್ತರವೇ ಅಲ್ಲ. ನಿನ್ನ ಜೀವನದಲ್ಲಿ ಕಂಡದ್ದು, ಕೇಳಿದ್ದು, ಆಸೆಪಟ್ಟದ್ದು ಯಾವುದನ್ನೂ ಒಳಗೆ ತರುವಂತಿಲ್ಲ. ನೀನು ನಡುವೆ ತೂಕಡಿಸುತ್ತಿದ್ದೆ. ನಾನು ಸ್ಕೇಲಿನಿಂದ ಬಕೆಟ್ಟಿಗೆ ಕುಟ್ಟುತ್ತಿದ್ದೆ. ಸರಿಯುತ್ತರಗಳ ಹಾಳೆಯನ್ನು ಮಡಿಸಿ ಗೋಂದು ಹಚ್ಚಿ ಇಡುತ್ತಿದ್ದೆ, ನೀನು ಎಲ್ಲ ಬರೆದು ಮುಗಿಸಿದ ಮೇಲೆಯೇ ಬಿಡಿಸುವುದು ನಮ್ಮ ಕಾಯಿದೆ. ಒಂದು ದಿನವೂ ನೀನು ಕದ್ದು ನೋಡಲಿಲ್ಲ. ನನ್ನ ಕ್ಲಾಸಿನ ಮಕ್ಕಳಾಗಿದ್ದರೆ ಆ ಗೋಂದನ್ನೇ ನೆಕ್ಕಿ ತೆಗೆದಿರುತ್ತಿದ್ದರು.

ಈಗ ಹೊಸ ಪ್ಯಾಸೇಜು. ಇದು ಯಾವ ಪುಸ್ತಕದಲ್ಲೂ ಇಲ್ಲ. ಇಂಗ್ಲಿಷಿನಲ್ಲಿ ಬರೆದುಕೊಡುವಷ್ಟು ಗಟ್ಟಿತನ ಇವತ್ತು ನನಗಿಲ್ಲ, ಕನ್ನಡದಲ್ಲೇ ಓದಿಕೋ.

ಶುಕ್ರವಾರ ಸಂಜೆ ನಿನ್ನ ಗಂಡ ಮನೆಗೆ ಬಂದ.

ಎದ್ದು ನಿಲ್ಲಬೇಡ. ಕೂತೇ ಓದು. ಎರಡು ವರ್ಷ ಒಂದು ಕಾಗದವಿಲ್ಲ, ಮಾತಿಲ್ಲ. ಬೇರೆ ಊರಿನಲ್ಲಿ ಬೇರೆ ಹೆಂಗಸಿನ ಜೊತೆ ಸಂಸಾರ ಹೂಡಿದ್ದಾನೆಂದು ಊರಿಗೆಲ್ಲ ಗೊತ್ತಿದ್ದರೂ ನಮ್ಮಿಬ್ಬರ ನಡುವೆ ಆ ಮಾತು ಎತ್ತದೆ ಇದ್ದೆವು. ಅಂಥವನು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಿದ್ದ. ಒಂದು ಕೈಯಲ್ಲಿ ದ್ರಾಕ್ಷಿಯ ಪೊಟ್ಟಣ, ಇನ್ನೊಂದರಲ್ಲಿ ದೊಡ್ಡ ಪೆಟ್ಟಿಗೆ, ಸುಮ್ಮನೆ ನೋಡಿಹೋಗಲು ಬಂದವರು ತರುವಂಥದ್ದಲ್ಲ. ಬಡವಾಗಿದ್ದಾನೆ. ಕೆನ್ನೆ ಒಳಗೆ ಹೋಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಸುಮ್ಮನೆ ಹೇಳಿಲ್ಲ. ನನಗೆ ಬೈಯಬೇಕೆಂದು ಇದ್ದದ್ದೆಲ್ಲ ಮರೆತುಹೋಗಿ, ಊಟ ಮಾಡಿದೆಯೇನೋ ಎಂದು ಕೇಳಿದೆ. ಎರಡು ಸಲ ಬಡಿಸಿಕೊಂಡು ಉಂಡ. ನೋಡುತ್ತಾ ನನಗೆ ಹೊಟ್ಟೆ ತುಂಬಿತು. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಅವತ್ತು ರಾತ್ರಿ ನಾನು ಸುಖವಾಗಿ ನಿದ್ದೆ ಮಾಡಿದೆ.

ಮರುದಿನ ಅವನು ಮನೆಯನ್ನೆಲ್ಲ ಹೊಗಳಿದ. ಗೋಡೆಗೆ ಬಣ್ಣ ಹೊಡೆಸಿದ್ದು ಚೆನ್ನಾಗಿದೆ ಎಂದ, ಬಾಲ್ಕನಿಯ ನೀರಿನ ಡ್ರಮ್ಮಿಗೆ ಮುಚ್ಚಳ ಮಾಡಿಸಿದ್ದು ಒಳ್ಳೆಯದಾಯಿತು ಎಂದ. ನೀನು ಎಲ್ಲಿ, ಯಾವಾಗ ಬರುತ್ತೀ ಎಂದು ಕೇಳಿದ. ಪರೀಕ್ಷೆಯ ವಿಷಯ ಹೇಳಿದೆ. ಪಾಸಾದರೆ ಕಾಯಂ ಕೆಲಸ, ಆಸ್ಪತ್ರೆಯ ಕ್ವಾರ್ಟರ್ಸು. ಇದು ಕೊನೆಯ ಸಲ, ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ, ಆಮೇಲೆ ಜೀವನವಿಡೀ ದಿನಗೂಲಿ ನರ್ಸು. ಎಲ್ಲ ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ ಎನ್ನು. ಅವನು ಎದ್ದು ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ನಿಂತ. ನೀನು ಕೆಂಪಿನಲ್ಲಿ ಸುತ್ತು ಹಾಕಿಟ್ಟ ಭಾನುವಾರವನ್ನು ನೋಡಿದ. ಬಹಳ ಹೊತ್ತು ನೋಡಿದ.

ಸೋಮವಾರ ನಿನ್ನ ಲಕೋಟೆ ಬಂತಲ್ಲ, ಅದರ ಹಿಂದಿನ ವಿಳಾಸವನ್ನು ಅವನು ಬರೆದುಕೊಂಡ. ಸಂಜೆ ನನ್ನ ಪಕ್ಕ ಕೂತು ಕೈ ಹಿಡಿದುಕೊಂಡ. ಅವಳು ಬಿಟ್ಟುಹೋದಳು, ಒಂಟಿಯಾಗಿದ್ದೇನೆ, ಬುದ್ಧಿ ಬಂದಿದೆ ಎಂದ. ಅತ್ತ. ನಾನೂ ಅತ್ತೆ. ಅವನ ತಲೆ ನನ್ನ ಮಡಿಲಲ್ಲಿತ್ತು, ನೆತ್ತಿಯಲ್ಲಿ ಕೂದಲು ತೆಳ್ಳಗಾಗಿದೆ. ಆಮೇಲೆ ಹೇಳಿದ, ಅಮ್ಮ, ನಿನ್ನ ಸೊಸೆಗೆ ನೀನು ಒಂದು ಪತ್ರ ಬರಿ, ನಿನಗೆ ಕಾಯಿಲೆ ಜೋರಾಗಿದೆ ಎಂದು ಬರಿ, ನಿನ್ನ ಮಾತೆಂದರೆ ಅವಳು ಓಡಿಬರುತ್ತಾಳೆ, ಶನಿವಾರದೊಳಗೆ ಇಲ್ಲಿರಬೇಕು ಎಂದು.

ನಾನು ಕೇಳಿದೆ, ಒಂದು ದಿನ ತಡೆದರೆ ಏನಪ್ಪಾ, ಭಾನುವಾರ ಸಂಜೆ ಹೇಗೂ ಬರುತ್ತಾಳಲ್ಲ ಎಂದು. ಅವನು ತಲೆ ಎತ್ತದೆಯೇ ಹೇಳಿದ: "ಪಾಸಾಗ್ಬಿಟ್ರೆ ಅವಳು ಯಾಕಮ್ಮ ನನ್ನ ಹತ್ರ ಬರ್ತಾಳೆ?"

ಪ್ಯಾಸೇಜು ಇಲ್ಲಿಗೆ ಮುಗಿಯಿತು. ಇದರಲ್ಲಿ ನಾನು ಏನನ್ನೂ ಸೇರಿಸಿಲ್ಲ, ಬಿಟ್ಟಿಲ್ಲ.

ಈಗ ಪ್ರಶ್ನೆ. ಬಂದವನ ಉದ್ದೇಶವೇನು? ನಿನ್ನನ್ನು ನಾನು ಬಲ್ಲೆ. ಪಶ್ಚಾತ್ತಾಪ ಎಂದು ಈಗಾಗಲೇ ಗುರುತು ಹಾಕಿ ಆಗಿದೆ. ಕಣ್ಣೊರೆಸಿಕೊಂಡು ಬಸ್ಸಿನ ವೇಳೆ ಕೇಳಲು ವಾರ್ಡನ್ ರೂಮಿಗೆ ಹೊರಟಿದ್ದೀಯ. ಬೆರಳಿಟ್ಟು ತೋರಿಸು ನೋಡೋಣ. ಅತ್ತನಲ್ಲ ಅತ್ತೆ, ಎನ್ನುತ್ತೀಯ. ಹೌದು, ಅತ್ತ. ಅದು ಸುಳ್ಳು ಅಳುವಲ್ಲ, ಅವನ ಕಣ್ಣೀರು ನನ್ನ ಸೆರಗಿನಲ್ಲಿ ಇಂಗಿದೆ. ಅವನಿಗೆ ದುಃಖವಿದೆ. ಆದರೆ ದುಃಖವಿದೆಯೇ ಎಂಬುದು ಪ್ರಶ್ನೆಯಲ್ಲ. ನೀನು ಹೇಗಿದ್ದೀ ಎಂದು ಅವನು ಕೇಳಿದ ಜಾಗ ಎಲ್ಲಿದೆ? ಎರಡು ವರ್ಷ ನಾವಿಬ್ಬರು ಏನು ಮಾಡಿಕೊಂಡಿದ್ದೆವು ಎಂದು ಕೇಳಿದ್ದು ಎಲ್ಲಿದೆ? ಹುಡುಕು. ನಾನು ಹುಡುಕಿ ಹುಡುಕಿ ಸೋತೆ. ಹೆತ್ತವಳಿಗಿಂತ ಆಸೆಯಿಂದ ಯಾರು ಹುಡುಕುತ್ತಾರೆ ಹೇಳು? ಐದು ದಿನದಿಂದ ಅವನ ಬಾಯಿಂದ ಬಿದ್ದ ಒಂದೊಂದು ಮಾತನ್ನೂ ತಿರುವಿ ಹಾಕಿದ್ದೇನೆ. ಸಿಕ್ಕುವುದು ಆ ಕ್ಯಾಲೆಂಡರು, ಆ ಶನಿವಾರ, ಆ ಒಂದು ಸಾಲು.

ಅವನು ನನ್ನ ಮಗ. ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ಇದೇ ಕೋಣೆಯಲ್ಲಿ ಓಡಾಡಿದ್ದೇನೆ. ಅವನಿಗೊಂದು ಗೂಡು ಬೇಕು, ಮಾಡಿ ಬಡಿಸುವವರು ಬೇಕು, ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಆ ಗೂಡು ಕಟ್ಟಲು ನಿನ್ನ ಕಾಲು ಮುರಿಯಬೇಕೆಂದರೆ ನಾನು ಒಪ್ಪುವುದಿಲ್ಲ. ಪರೀಕ್ಷೆ ಬರೆದಾದ ಮೇಲೆ ಅವನ ಜೊತೆ ಬಾಳುವುದೋ ಬಿಡುವುದೋ ನಿನ್ನಿಷ್ಟ. ಬಾಳುತ್ತೇನೆ ಎಂದರೂ ನಾನು ಅಡ್ಡ ಬರುವವಳಲ್ಲ. ಕೈಯಲ್ಲಿ ಕೆಲಸ ಇಟ್ಟುಕೊಂಡು ಆ ಮಾತು ಹೇಳು, ಅಷ್ಟೇ.

ಮುಖ್ಯವಾದ ಸಂಗತಿ ಈಗ ಹೇಳುತ್ತೇನೆ, ಮೂರು ಸಲ ಓದು. ಅವನು ಹೇಳಿದ ಪತ್ರವನ್ನು ನಾನು ಬರೆದುಕೊಟ್ಟಿದ್ದೇನೆ. ನಿನ್ನೆ ಅವನೇ ಡಬ್ಬಿಗೆ ಹಾಕಿ ಬಂದ. ನಾಳೆಯೋ ನಾಡಿದ್ದೋ ನಿನಗೆ ತಲುಪುತ್ತದೆ. ಅದು ನನ್ನದೇ ಕೈಬರಹ, ನನ್ನದೇ ಸಹಿ. ಎದೆನೋವಿನಿಂದ ಮಲಗಿದ್ದೇನೆ, ಈಗಲೋ ಆಗಲೋ ಎಂಬಂತಿದ್ದೇನೆ, ಶನಿವಾರದೊಳಗೆ ಬಂದು ಮುಖ ತೋರಿಸು ಎಂದೆಲ್ಲ ಇದೆ. ಚೆನ್ನಾಗಿಯೇ ಬರೆದಿದ್ದೇನೆ, ಓದಿದರೆ ನಿನಗೆ ಅಳು ಬರುತ್ತದೆ. ಬರೆಯುವುದಿಲ್ಲ ಎನ್ನಬಹುದಿತ್ತಲ್ಲ ಎಂದು ನೀನು ಕೇಳಬಹುದು. ಎಂದೆ. ಹಾಗಾದರೆ ನಾನೇ ಹಾಸ್ಟೆಲಿಗೆ ಹೋಗಿ ಕರೆದುಕೊಂಡು ಬರುತ್ತೇನೆ ಎಂದು ಪೆಟ್ಟಿಗೆಗೆ ಕೈಹಾಕಿದ. ಪರೀಕ್ಷೆಗೆ ಮುಂಚೆ ಅವನು ಬಂದು ಹಾಸ್ಟೆಲಿನ ಗೇಟಿನಲ್ಲಿ ನಿಂತು ಅತ್ತರೆ ನಿನ್ನ ಗತಿ ಏನೆಂದು ನನಗೆ ಗೊತ್ತು. ಪತ್ರ ಹೋಗಿದೆ ಎಂಬ ನಂಬಿಕೆಯಲ್ಲಿ ಅವನು ಶನಿವಾರದ ತನಕ ಇಲ್ಲೇ ಕೂತಿರುತ್ತಾನೆ. ಅದಕ್ಕೇ ಬರೆದೆ.

ಆ ಪತ್ರ ನಂಬಬೇಡ. ನನಗೆ ಎದೆನೋವಿಲ್ಲ. ನಿನ್ನ ಮೇಲೆ ಆಣೆಯಿಟ್ಟು ಹೇಳುತ್ತೇನೆ, ನನ್ನ ಎದೆ ಗುಂಡುಕಲ್ಲಿನ ಹಾಗಿದೆ. ಬೆಳಿಗ್ಗೆ ಎರಡು ಕೊಡ ನೀರು ಮೇಲೆ ತಂದಿದ್ದೇನೆ, ಬೇಕಿದ್ದರೆ ಕಂಡಕ್ಟರನ್ನು ಕೇಳು, ಅವನ ಕಾಲಿನ ಮೇಲೆ ಸ್ವಲ್ಪ ಚೆಲ್ಲಿದೆ ಕೂಡ. ವಾರ್ಡನ್ನಿಗೂ ಒಂದು ಮಾತು ಹೇಳಿಡು. ಯಾರು ಬಂದು ಕೇಳಿದರೂ, ಫೋನು ಮಾಡಿ ಕೇಳಿದರೂ, ಭಾನುವಾರ ಮಧ್ಯಾಹ್ನದ ತನಕ ನಿನ್ನನ್ನು ಕರೆಯಬಾರದು. ಆಕೆ ಸಿಡುಕಿ ಎನ್ನುತ್ತೀಯಲ್ಲ, ಈ ಕೆಲಸಕ್ಕೆ ಸಿಡುಕಿಯರೇ ಬೇಕು.

ಶನಿವಾರ ರಾತ್ರಿಯ ಬಸ್ಸಿನಿಂದ ನೀನು ಇಳಿಯದೆ ಇದ್ದಾಗ ಇಲ್ಲಿ ರಂಪವಾಗುತ್ತದೆ. ಆಗಲಿ. ನನ್ನ ಮೇಲೆ ಕೂಗಾಡಲಿ, ಪಾತ್ರೆ ಎಸೆಯಲಿ. ಆಗ ಅವನಿಗೆ ನಾನೇ ಹೇಳುತ್ತೇನೆ, ಎರಡು ಪತ್ರ ಬರೆದೆ ಕಣೋ, ಒಂದು ನಿನಗಾಗಿ, ಒಂದು ಅವಳಿಗಾಗಿ ಎಂದು. ಅದರ ಮೇಲೆ ಅವನು ಮತ್ತೆ ಪೆಟ್ಟಿಗೆ ಎತ್ತಿಕೊಂಡು ಹೋಗುತ್ತಾನೆಂದು ನನಗೆ ತೋರುತ್ತದೆ. ಈ ಸಲ ಹೋದರೆ ನಾನು ಇರುವಷ್ಟರಲ್ಲಿ ತಿರುಗಿ ಬರುತ್ತಾನೋ ಇಲ್ಲವೋ. ಅದನ್ನು ಯೋಚಿಸಿಯೇ ಬರೆಯುತ್ತಿದ್ದೇನೆ. ನೀನು ಅದನ್ನು ಯೋಚಿಸಬೇಡ. ಅದು ನಿನ್ನ ಪ್ಯಾಸೇಜಿನಲ್ಲಿ ಇಲ್ಲ.

ಪರೀಕ್ಷೆಯ ದಿನಕ್ಕೆ ಎರಡು ಮಾತು. ಮೊದಲೇ ಸುಲಭದ್ದಕ್ಕೆ ಕೈಹಾಕಬೇಡ, ತಲೆ ತಾಜಾ ಇರುವಾಗಲೇ ಅತಿ ಉದ್ದದ ಪ್ಯಾಸೇಜನ್ನು ಮುಗಿಸು. ಒಂದು ವಾಕ್ಯ ಅರ್ಥವಾಗದಿದ್ದರೆ ಅಲ್ಲೇ ಕೂತು ಗೋಳಾಡಬೇಡ, ಮುಂದಕ್ಕೆ ಹೋಗು, ಮುಂದಿನ ವಾಕ್ಯ ಹಿಂದಿನದಕ್ಕೆ ದೀಪ ಹಿಡಿಯುತ್ತದೆ. ಅವಸರ ಬೇಡ, ಅವಸರದಮ್ಮ. ಪಕ್ಕದವರು ಹಾಳೆ ತಿರುಗಿಸುವ ಸದ್ದು ಕೇಳಿ ನೀನೂ ತಿರುಗಿಸುತ್ತೀಯ, ಹಿಂದಿನ ಸಲ ಹಾಗೇ ಒಂದು ಇಡೀ ಪ್ರಶ್ನೆ ಬಿಟ್ಟು ಬಂದೆ. ಬೆಳಿಗ್ಗೆ ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗು. ಕನ್ನಡಕ ಮರೆಯಬೇಡ.

ಈ ಪತ್ರದ ಕೊನೆಯ ಹಾಳೆಯನ್ನು ಮಡಿಸಿ ಗೋಂದು ಹಚ್ಚಿದ್ದೇನೆ. ನಮ್ಮ ಕಾಯಿದೆ ನಿನಗೆ ಗೊತ್ತು. ಭಾನುವಾರ ಪರೀಕ್ಷೆ ಬರೆದು ಹೊರಗೆ ಬಂದ ಮೇಲೆ ಬಿಡಿಸು, ಮುಂಚೆ ಅಲ್ಲ.

ಅವನು ಕ್ಷೌರಕ್ಕೆ ಹೋಗಿದ್ದಾನೆ, ಬರುವ ಹೊತ್ತಾಯಿತು. ನಿಲ್ಲಿಸುತ್ತೇನೆ. ಚೆನ್ನಾಗಿ ಬರಿ ಮಗಳೇ. ಸೊಸೆ ಎಂದು ಬರೆಯಲು ಹೋದೆ, ಕೈ ಬೇರೆಯದನ್ನೇ ಬರೆಯಿತು. ಕೆಂಪು ಶಾಯಿ ಮುಗಿದಿದೆ, ತಿದ್ದುವುದಿಲ್ಲ.

ನಿನ್ನ ಹಿತವನ್ನೇ ಬಯಸುವ,
ನಿನ್ನ ಗಡಸು ಅತ್ತೆ

ಮರೆತ ಮಾತು (ಪರೀಕ್ಷೆ ಮುಗಿದ ಮೇಲೆ ಓದುವುದು):

ಮುಗಿಯಿತಾ? ಹೇಗೆ ಬರೆದೆ ಎಂದು ಈಗ ಕೇಳುವುದಿಲ್ಲ. ಎಲ್ಲಾದರೂ ನೆರಳಿನಲ್ಲಿ ಕೂತುಕೋ.

ಎದೆನೋವಿಲ್ಲ ಎಂದದ್ದು ನಿಜ. ಗಂಟಲಿಗೆ ಆಗಿರುವುದು ನೆಗಡಿಯಲ್ಲ. ನೀನು ಹಾಸ್ಟೆಲಿಗೆ ಹೋದ ಮೇಲೆ ನಿನ್ನ ಆಸ್ಪತ್ರೆಯಲ್ಲೇ ತೋರಿಸಿಕೊಂಡೆ. ನಿನಗೆ ಹೇಳಕೂಡದೆಂದು ಅಲ್ಲಿಯ ನಿನ್ನ ಗೆಳತಿಯರಿಂದ ಮಾತು ತೆಗೆದುಕೊಂಡೆ, ಅವರನ್ನು ಬೈಯಬೇಡ. ಗಡ್ಡೆ ಇದೆಯಂತೆ. ಸೋಮವಾರ ಬೆಳಿಗ್ಗೆ ಆಪರೇಷನ್. ದನಿ ಉಳಿಯುತ್ತದೆ ಎಂದು ಡಾಕ್ಟರು ಹೇಳಲಿಲ್ಲ, ಬೇರೆಯದನ್ನೂ ಗಟ್ಟಿಯಾಗಿ ಹೇಳಲಿಲ್ಲ. ಭಾನುವಾರ ಸಂಜೆ ಕಂಡಕ್ಟರನ ಹೆಂಡತಿ ನನ್ನನ್ನು ಅಲ್ಲಿಗೆ ಸೇರಿಸುತ್ತಾಳೆ.

ಅವನ ಪತ್ರ ಬರೆಯಲು ಕೂತಾಗ, ಯಾವ ಕಾಯಿಲೆ ಎಂದು ಬರೆಯಲಿ ಎಂದು ಅವನನ್ನೇ ಕೇಳಿದೆ. ಗಂಟಲಲ್ಲಿ ಗಡ್ಡೆ, ಸೋಮವಾರ ಆಪರೇಷನ್, ಹಾಗೆ ಬರೆಯಲಾ ಎಂದೆ. ಈ ಕಾಗೆ ದನಿಯಲ್ಲೇ ಕೇಳಿದೆ. ಅವನ ಮುಖವನ್ನೇ ನೋಡುತ್ತಿದ್ದೆ.

"ಅಷ್ಟೆಲ್ಲ ಬೇಡಮ್ಮ, ಅವಳು ನರ್ಸು, ಸುಳ್ಳು ಅಂತ ತಕ್ಷಣ ಗೊತ್ತಾಗುತ್ತೆ. ಎದೆನೋವು ಅಂತ ಬರಿ" ಎಂದ.

ಬರೆದೆ.

ಸಂಜೆಯ ಬಸ್ಸಿಗೆ ಬಾ. ನನಗೆ ಭಯವಾಗುತ್ತಿದೆ ಕಣೆ.